ಹೊಳೆಯಿಂದ ಕೊಳವೆಬಾವಿಯವರೆಗೆ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಮಡಿಕೇರಿ, ಊಟಿ, ಚಿಕ್ಕಮಗಳೂರಿನ ಕೋಣೆಗಳ ಬಾಡಿಗೆ ಏರತೊಡಗುತ್ತದೆ. ಆ ಎರಡು ತಿಂಗಳು ತಂಪು ಎನ್ನುವುದು ಕಾಸು ಕೊಟ್ಟು ಕೊಳ್ಳುವ ಸರಕು. ಅದೇ ಹೊತ್ತಿನಲ್ಲಿ ಮಂಡ್ಯ ಜಿಲ್ಲೆಯ ಒಳದಾರಿಗಳು ಖಾಲಿ ಬಿದ್ದಿರುತ್ತವೆ. ಶ್ರೀರಂಗಪಟ್ಟಣಕ್ಕೆ ಜನ ಬರುತ್ತಾರೆ, ಕನ್ನಂಬಾಡಿಗೂ ಬರುತ್ತಾರೆ. ಅಲ್ಲಿಂದಾಚೆ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂದು ಬಿಸಿಲಲ್ಲಿ ಸುತ್ತುವವರು ಸಿಗುವುದಿಲ್ಲ. ಕೆಂಪು ಬಸ್ಸು ಇದೆ, ಹಾದಿಬದಿಯಲ್ಲಿ ಎಳನೀರಿದೆ, ಕಬ್ಬಿನ ಹಾಲಿದೆ, ಎಂಟುನೂರು ಒಂಬೈನೂರು ವರ್ಷದ ಕಲ್ಲಿನ ಗುಡಿಗಳ ನೆರಳಿದೆ. ಇಷ್ಟಕ್ಕೂ ಸೇರಿ ಆಗುವ ಖರ್ಚು ಬೆಟ್ಟದೂರಿನ ಒಂದು ರಾತ್ರಿಯ ಕೋಣೆಗಿಂತ ಕಡಿಮೆ.

ನಾನು ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಬದುಕು ಕಟ್ಟಿಕೊಂಡದ್ದು ಕಡಲ ದಂಡೆಯಲ್ಲಿ. ಮಲ್ಪೆಯಲ್ಲಿ ಮೀನುಗಾರಿಕೆಯ ಬೋಟುಗಳಿಗೆ ವೈರಿಂಗ್ ಮಾಡುವುದು ನನ್ನ ಕೆಲಸ. ಚಳಿಗಾಲವೆಲ್ಲ ನನ್ನ ಜೊತೆ ಇದ್ದ ಅವ್ವನನ್ನು ಊರಿಗೆ ಬಿಟ್ಟು, ನಾಗಮಂಗಲದ ಕಡೆ ಕೊಟ್ಟಿರುವ ಅಕ್ಕನನ್ನು ನೋಡಿ ಬರುವುದು ಈ ಪಯಣದ ನೆಪ. ಮೈಸೂರಿನಲ್ಲಿ ಇಳಿದು ನೇರ ಬಸ್ಸು ಹಿಡಿದಿದ್ದರೆ ಮಧ್ಯಾಹ್ನಕ್ಕೆ ಅಕ್ಕನ ಮನೆ ಸೇರಬಹುದಿತ್ತು. ಹಾಗೆ ಮಾಡದೆ ಹೊಳೆಯ ದಂಡೆಯಿಂದ ಶುರು ಮಾಡಿ, ನೀರು ಕಡಿಮೆಯಾಗುತ್ತ ಹೋಗುವ ದಿಕ್ಕಿನಲ್ಲಿ ನಿಧಾನವಾಗಿ ಮೇಲಕ್ಕೆ ಹತ್ತೋಣ ಎಂದುಕೊಂಡೆ. ನೀರಿನ ಪಕ್ಕ ತಂತಿ ಎಳೆಯುವವನಿಗೆ ಈ ನಾಲ್ಕು ತಾಲ್ಲೂಕುಗಳು ಒಂದೇ ಕಥೆಯ ನಾಲ್ಕು ತುಂಡುಗಳಾಗಿ ಕಾಣುತ್ತವೆ. ಆ ಕಥೆಯನ್ನು ಅವ್ವನಿಗೆ ತೋರಿಸಬೇಕೆಂಬ ಆಸೆಯೂ ಇತ್ತು.

ದುಡ್ಡು ಉಳಿಸಿದ ಬಗೆಯನ್ನು ಮೊದಲೇ ಹೇಳಿಬಿಡುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಹೀಗಾಗಿ ದಾರಿಯುದ್ದಕ್ಕೂ ಅವ್ವನದು ಶೂನ್ಯ ದರದ ಚೀಟಿ. ಆ ಚೀಟಿಗಳನ್ನು ಅವಳು ಎಲೆ ಅಡಿಕೆ ಚೀಲದಲ್ಲಿ ಮಡಚಿಟ್ಟುಕೊಳ್ಳುತ್ತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಹೊರಟು ಹತ್ತೂವರೆಗೆ ನೆರಳು ಸೇರುವುದು, ನಾಲ್ಕರ ಮೇಲೆ ಮತ್ತೆ ಹೊರಡುವುದು. ಶನಿವಾರ ಭಾನುವಾರ ಗುಡಿ, ತೋಟಗಳ ಕಡೆ ತಲೆ ಹಾಕದಿರುವುದು. ರೊಟ್ಟಿ, ಹುರುಳಿಕಾಳಿನ ಚಟ್ನಿಪುಡಿ, ನೀರು ಜೊತೆಯಲ್ಲಿರಬೇಕು. ರಾತ್ರಿಗೆ ನೆಂಟರ ಮನೆ, ಇಲ್ಲವಾದರೆ ಛತ್ರ. ಇದರಲ್ಲಿ ಹೊಸದೇನೂ ಇಲ್ಲ, ನಮ್ಮ ಹಿರಿಯರು ಜಾತ್ರೆಗೆ ಹೋಗುತ್ತಿದ್ದುದೇ ಹೀಗೆ. ಹೀಗೆ ಉಳಿದ ಹಣ ಎಲ್ಲಿಗೆ ಹೋಯಿತೆಂಬುದನ್ನು ನಾಗಮಂಗಲ ತಲುಪಿದ ಮೇಲೆ ಹೇಳಬೇಕು.

ಮೊದಲ ಬೆಳಿಗ್ಗೆ ರಂಗನತಿಟ್ಟು. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆ ಹಾಕಿದಾಗ ಹಿಂದೆ ನಿಂತ ನೀರಿನಲ್ಲಿ ಈ ನಡುಗಡ್ಡೆಗಳು ಉಳಿದವು. ಹಕ್ಕಿಗಳು ಅಲ್ಲಿ ಗೂಡು ಕಟ್ಟುವುದನ್ನು ಕಂಡ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಏಪ್ರಿಲ್‌ನಲ್ಲಿ ಮರಿಗಳ ಗಲಾಟೆ ಜೋರು. ಬಣ್ಣದ ಕೊಕ್ಕರೆ, ಚಮಚ ಕೊಕ್ಕು, ಹೆಜ್ಜಾರ್ಲೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಆದ್ದರಿಂದ ಬಿಸಿಲಿನ ಕಾಲವೇ ಇದಕ್ಕೆ ಒಳ್ಳೆಯದು. ದೋಣಿಗೆ ಹುಟ್ಟು ಹಾಕುತ್ತಾರೆ, ಇಂಜಿನ್ನಿನ ಸದ್ದಿಲ್ಲ.

“ಏನ್ಲಾ ಮಗ, ಈ ದೋಣಿಗೆ ನಿನ್ ವೈರು ಬ್ಯಾಡ್ವಾ?” ಅಂದಳು ಅವ್ವ.

“ಬ್ಯಾಡ ಕನವ್ವ, ಇದ್ರಲ್ಲಿ ಬ್ಯಾಟ್ರಿನೇ ಇಲ್ವಲ್ಲ.”

“ಮನೆಗೆ ಎಳಿಯೋ ವೈರ್ನೇ ಬೋಟ್ಗೂ ಎಳುದ್ರೆ ಏನಾಯ್ತದೆ?”

ಅವಳು ನನ್ನ ಜೊತೆ ಮಲ್ಪೆಯಲ್ಲಿದ್ದಾಗ ಈ ಪ್ರಶ್ನೆ ಕೇಳಿರಲಿಲ್ಲ. ದೋಣಿಯವನೂ ಕಿವಿ ಇತ್ತ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬೋಟಿನ ಒಳಗೆ ಕಣ್ಣಿಗೆ ನೀರು ಕಾಣದಿದ್ದರೂ ಗಾಳಿಯಲ್ಲಿ ಉಪ್ಪಿನ ಪಸೆ ಇದ್ದೇ ಇರುತ್ತದೆ. ಸಾಮಾನ್ಯ ವೈರಿನ ತುದಿ ಸುಲಿದು ಜೋಡಿಸಿದರೆ ಆ ಪಸೆ ತಾಮ್ರದ ಎಳೆಗಳ ನಡುವಿನ ಸಂದುಗಳಲ್ಲಿ ಹೀರಿಕೊಂಡು ಪ್ಲಾಸ್ಟಿಕ್ ಹೊದಿಕೆಯ ಒಳಗೊಳಗೇ ಮುಂದೆ ಹೋಗುತ್ತದೆ. ಹೊರಗಿನಿಂದ ವೈರು ಹೊಸದರಂತೆಯೇ ಇರುತ್ತದೆ. ಒಂದು ಗೇಣು ಹಿಂದಕ್ಕೆ ಕತ್ತರಿಸಿದರೆ ಒಳಗೆ ಕಪ್ಪು, ಮತ್ತೊಂದು ಗೇಣು ಕತ್ತರಿಸಿದರೂ ಕಪ್ಪು. ಅದಕ್ಕೇ ಹಡಗು, ಬೋಟುಗಳಿಗೆ ಬೇರೆ ಕೇಬಲ್. ಕೂದಲೆಳೆಯಂಥ ತಾಮ್ರದ ತಂತಿಗಳು. ಒಂದೊಂದು ಎಳೆಗೂ ತವರದ ಲೇಪ. ಮೇಲೆ ಎಣ್ಣೆಗೆ, ಕಾವಿಗೆ ತಡೆಯುವ ಹೊದಿಕೆ. ಎಳೆ ತೆಳುವಾಗಿರಬೇಕು, ಏಕೆಂದರೆ ಇಂಜಿನ್ ಅದುರುತ್ತಲೇ ಇರುತ್ತದೆ; ದಪ್ಪ ಒಂಟಿ ತಂತಿ ಅದುರಿ ಅದುರಿ ಕೊನೆಗೆ ಸ್ಕ್ರೂ ಕಚ್ಚಿದ ಜಾಗದಲ್ಲಿ ಮುರಿಯುತ್ತದೆ. ಹಡಗಿನ ವಿದ್ಯುತ್ ವ್ಯವಸ್ಥೆಗೆಂದೇ ಐಇಸಿ 60092 ಎಂಬ ಅಂತರರಾಷ್ಟ್ರೀಯ ಮಾನದಂಡದ ಸರಣಿ ಇದೆ. ದೊಡ್ಡ ಹಡಗುಗಳಲ್ಲಿ ಬೆಂಕಿ ಬಿದ್ದರೂ ಹೊಗೆ ಕಡಿಮೆ ಬರುವ, ವಿಷದ ಗಾಳಿ ಉಗುಳದ ಹೊದಿಕೆಯನ್ನೇ ಕೇಳುತ್ತಾರೆ. ನಡುಗಡಲಲ್ಲಿ ಹೊಗೆಯಿಂದ ತಪ್ಪಿಸಿಕೊಂಡು ಓಡಲು ಜಾಗವಿರುವುದಿಲ್ಲ.

ಅಲ್ಲಿಂದ ಕನ್ನಂಬಾಡಿಗೆ ಬಸ್ಸು. ಬೃಂದಾವನದ ಒಳಗೆ ನಿಂತು ಕಟ್ಟೆಯ ಕಲ್ಲುಗೋಡೆಯನ್ನು ಕೆಳಗಿನಿಂದ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಕೋಲಾರದ ಚಿನ್ನದ ಗಣಿ. ಕಟ್ಟೆಯೆಂದರೆ ಗದ್ದೆಗೆ ನೀರು ಎಂದೇ ಮಂಡ್ಯದ ಮಕ್ಕಳು ಕಲಿಯುತ್ತೇವೆ, ಅದು ಸರಿಯೂ ಹೌದು. ಆದರೆ ಅದರ ಬೇರಿನಲ್ಲಿ ತಾಮ್ರದ ತಂತಿ ಇದೆ. 1902ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಆರಂಭಿಸಿದ ಯೋಜನೆಯ ಫಲವಾಗಿ, ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಾಗಿ ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್‌ಗೆ ಹರಿಯಿತು. ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತಿನಲ್ಲೇ ಹೆಸರಾದ ಕೆಲಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಗಣಿಗೆ ಬಂದ ಮೇಲೆ. ಆದರೆ ಬೇಸಿಗೆಯಲ್ಲಿ ಹೊಳೆ ಬಡಕಲಾದರೆ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲದು. ಗಣಿಯವರಿಗೆ ಇನ್ನಷ್ಟು ಕರೆಂಟು ಬೇಕು. ಹೊಳೆಯನ್ನು ಮೇಲೆ ಎಲ್ಲಾದರೂ ಹಿಡಿದು ನಿಲ್ಲಿಸಿ ವರ್ಷವಿಡೀ ಒಂದೇ ಹದದಲ್ಲಿ ಬಿಡಬೇಕು. ಕನ್ನಂಬಾಡಿ ಕಟ್ಟೆಯ ಹಿಂದಿನ ಒತ್ತಡಗಳಲ್ಲಿ ಇದು ಮುಖ್ಯವಾದದ್ದು.

ಕೆಲಸ ಆರಂಭವಾದದ್ದು 1911ರ ನವೆಂಬರ್‌ನಲ್ಲಿ. ಮದರಾಸಿನ ತಕರಾರಿನಿಂದಾಗಿ ಮೈಸೂರಿಗೆ ಮೊದಲು ಸಿಕ್ಕ ಅನುಮತಿ 80 ಅಡಿ ಎತ್ತರಕ್ಕೆ ಮಾತ್ರ. ವಿಶ್ವೇಶ್ವರಯ್ಯನವರು ಅಡಿಪಾಯವನ್ನು ಮಾತ್ರ ಮುಂದೆ ಬರಬೇಕಾಗಿದ್ದ ಪೂರ್ಣ ಎತ್ತರದ ಕಟ್ಟೆಗೆ ಸಾಲುವಷ್ಟು ಅಗಲವಾಗಿಯೇ ಹಾಕಿಸಿದರು. ಸಂಸ್ಥಾನದ ಬೊಕ್ಕಸಕ್ಕೆ ಅದು ಹಗುರವಾದ ಖರ್ಚಾಗಿರಲಿಲ್ಲ. ಅನುಮತಿ ಬರದೇ ಹೋಗಿದ್ದರೆ ಅಷ್ಟೂ ದುಡ್ಡು ನೀರುಪಾಲು. ಆದರೂ ನೆಲದಡಿ ಹುಗಿದು ಹೋಗುವ, ಮತ್ತೆಂದೂ ಕೈಗೆ ಸಿಗದ ಭಾಗದಲ್ಲಿ ಅವರು ಉಳಿತಾಯ ಮಾಡಲಿಲ್ಲ. ಇವತ್ತು 124.80 ಅಡಿ ನೀರು, 49 ಟಿಎಂಸಿ ಚಿಲ್ಲರೆ, ಆ ಅಡಿಪಾಯದ ಮೇಲೆ ನಿಲ್ಲುತ್ತದೆ. ಗಾರೆಗೆ ಸಿಮೆಂಟ್ ಬಳಸಲಿಲ್ಲ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದು ಇಷ್ಟು ಸ್ಪಷ್ಟವಾಗಿ ಗೊತ್ತಿದ್ದ ಇಂಜಿನಿಯರನ್ನು ನೆನೆದು ಕೈ ಮುಗಿಯಬೇಕೆನಿಸುತ್ತದೆ.

ಸಂಜೆ ಕಾರಂಜಿಗೆ ದೀಪ ಹತ್ತಿದಾಗ ಎಲ್ಲರೂ ಬಣ್ಣ ನೋಡುತ್ತಿದ್ದರೆ ನನ್ನ ಕಣ್ಣು ನೀರಿನೊಳಗೆ ಇಳಿದ ವೈರುಗಳ ಮೇಲೆ. ಅವ್ವ ನೋಡುತ್ತಿದ್ದುದು ಇನ್ನೇನನ್ನೋ. ಕಟ್ಟೆಯ ಹಿಂದೆ ಮುಳುಗಿದ ಊರುಗಳಿಂದ ಬಂದವರ ಕುಟುಂಬಕ್ಕೆ ಸೇರಿದವಳು ಅವಳ ಅಜ್ಜಿ. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ನೀರಿನಡಿ ಇದ್ದು, ಬರದ ವರ್ಷಗಳಲ್ಲಿ ತಲೆ ತೋರಿಸುತ್ತಿದ್ದುದನ್ನು ಅವ್ವನೇ ಕಂಡಿದ್ದಾಳೆ. ಆ ಹೊಯ್ಸಳ ಗುಡಿಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಂಡೆಯಲ್ಲಿ ಮತ್ತೆ ಜೋಡಿಸಿದ್ದಾರೆ. ಮರುದಿನ ಅಲ್ಲಿಗೂ ಹೋದೆವು. ಹಿನ್ನೀರಿನ ಗಾಳಿ ಚೆನ್ನಾಗಿ ಬೀಸುತ್ತದೆ, ಮಂಟಪದ ನೆರಳಲ್ಲಿ ಮಧ್ಯಾಹ್ನ ಕಳೆಯಬಹುದು. ಅವ್ವ ಕಂಬವೊಂದನ್ನು ಮುಟ್ಟಿ, “ಇದೆಲ್ಲ ನೀರೊಳ್ಗೇ ಇದ್ದದ್ದಾ?” ಎಂದು ಕೇಳಿ, ಇನ್ನೊಂದು ಕಂಬದ ಹತ್ತಿರ ಹೋದಳು.

ರಾತ್ರಿ ಗಂಜಾಮಿನ ನೆಂಟರ ಮನೆಯಲ್ಲಿ ಮಲಗಿ, ಶ್ರೀರಂಗಪಟ್ಟಣ ನಿಲ್ದಾಣದಿಂದ ಪ್ಯಾಸೆಂಜರ್ ರೈಲು. ಮುಂದಿನ ನಿಲ್ದಾಣವೇ ಪಾಂಡವಪುರ. ಹೈದರ್, ಟಿಪ್ಪುವಿಗೆ ನೆರವಾದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಬಹುಕಾಲ ಇದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಅದಕ್ಕೂ ಮೊದಲು ಹಿರೋಡೆ. ನಿಲ್ದಾಣದಿಂದ ಊರು ದೂರ, ಆದರೆ ರೈಲು ಬಂದ ಹೊತ್ತಿಗೆ ಆಟೋ ಹಂಚಿಕೊಳ್ಳಲು ಜನ ಸಿಗುತ್ತಾರೆ. ಕುಂತಿಬೆಟ್ಟವನ್ನು ಹತ್ತುವ ಆಸೆ ಇದ್ದರೆ ಸೂರ್ಯ ಹುಟ್ಟುವ ಮೊದಲು ಹತ್ತಬೇಕು. ಕಲ್ಲು ಕಾದ ಮೇಲೆ ಅದು ನಮ್ಮ ಬೆಟ್ಟವಲ್ಲ.

ಕೆರೆ ತೊಣ್ಣೂರಿನಲ್ಲಿ ಮಾತ್ರ ಬೇಸಿಗೆ ಮರೆಯುತ್ತದೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ನೀರು; ತಿಳಿನೀರನ್ನು ಕಂಡವರು ಮೋತಿ ತಲಾಬ್ ಎಂದು ಹೆಸರಿಟ್ಟರು, ಮುತ್ತಿನ ಕೆರೆ. ನಂಬಿನಾರಾಯಣನ ಗುಡಿ ನೋಡಿ ಏರಿಯ ಮೇಲೆ ಬುತ್ತಿ ಬಿಚ್ಚಿದೆವು. ಈ ಕೆರೆಗೆ ವಿದ್ಯುತ್ತಿನ ಹಂಗಿಲ್ಲ, ಮೋಟಾರಿನ ಹಂಗಿಲ್ಲ. ತೂಬು ಎತ್ತಿದರೆ ನೀರು ತಾನೇ ಇಳಿಜಾರು ಹುಡುಕಿಕೊಂಡು ಗದ್ದೆಗೆ ಹೋಗುತ್ತದೆ. ಶ್ರೀರಂಗಪಟ್ಟಣದ ಸೀಮೆಯ ನಾಲೆಗಳೂ ಹಾಗೇ, ವಿಶ್ವೇಶ್ವರಯ್ಯ ನಾಲೆಯೂ ಹಾಗೇ. ಇಲ್ಲಿಯವರೆಗೆ ನಾವು ಕಂಡದ್ದೆಲ್ಲ ಮೇಲಿನಿಂದ ಕೆಳಕ್ಕೆ ಬರುವ ನೀರು, ಅದಕ್ಕೆ ಕರೆಂಟಿನ ಬಿಲ್ಲಿಲ್ಲ. ಪಾಂಡವಪುರದ ಬಯಲಲ್ಲಿ ಕಬ್ಬು ಆ ನೀರಿನ ಮೇಲೆಯೇ ನಿಂತಿದೆ. ಆಲೆಮನೆಗಳ ಹೊಗೆ, ಬಿಸಿ ಬೆಲ್ಲದ ವಾಸನೆ ರಸ್ತೆಯುದ್ದಕ್ಕೂ ಬರುತ್ತದೆ. ಆಲೆಮನೆಯವರು ಅವ್ವನನ್ನು ಕೂರಿಸಿ ಬಿಸಿಬೆಲ್ಲ ಕೊಟ್ಟರು, ಕಾಸು ತೆಗೆದುಕೊಳ್ಳಲಿಲ್ಲ.

ಮೇಲುಕೋಟೆಗೆ ಹತ್ತುವ ಬಸ್ಸಿನಲ್ಲಿ ನೋಡುತ್ತಿದ್ದಂತೆ ಬಣ್ಣ ಬದಲಾಗುತ್ತದೆ. ಹಸಿರು ಕೆಳಗೆ ಉಳಿದು ಬಂಡೆ, ಕುರುಚಲು ಮೇಲೇಳುತ್ತದೆ. ವೈರಮುಡಿ ಉತ್ಸವ ಮುಗಿದ ಮೇಲೆ ಬೆಟ್ಟ ಖಾಲಿ, ಛತ್ರದಲ್ಲಿ ಸುಲಭವಾಗಿ ಜಾಗ ಸಿಕ್ಕಿತು. ಕಲ್ಯಾಣಿಯ ಮೆಟ್ಟಿಲು, ಅಕ್ಕತಂಗಿ ಕೊಳ, ಊರ ತುಂಬ ಕೊಳಗಳು. ಮಳೆಯ ಒಂದು ಹನಿಯನ್ನೂ ಸುಮ್ಮನೆ ಕೆಳಕ್ಕೆ ಬಿಡಬಾರದೆಂದು ಯೋಚಿಸಿದ ಜನ ಕಟ್ಟಿದ್ದು ಅವು. ಪುಳಿಯೋಗರೆ ತಿಂದೆವು, ಅದರ ಬಗ್ಗೆ ಬರೆಯದವರಿಲ್ಲವಾದ್ದರಿಂದ ನಾನು ಬಿಡುತ್ತೇನೆ.

ಕೃಷ್ಣರಾಜಪೇಟೆ ನನ್ನ ತಾಲ್ಲೂಕು, ಹಳೆಯ ಹೆಸರು ಅತ್ತಿಗುಪ್ಪೆ. ಪೇಟೆಗೆ ಅಂಟಿಕೊಂಡೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಮುಂದೆ ಬಸ್ಸಿಗೆ ಕಾದು ಬೆಳೆದವನು ನಾನು. ಹದಿಮೂರನೇ ಶತಮಾನದ ಹೊಯ್ಸಳ ಶಿಲ್ಪಿಗಳು ಜಗತಿಯ ಮೇಲೆ ರಾಮಾಯಣ, ಭಾರತದ ಸಾಲುಗಳನ್ನು ಕೆತ್ತಿದ್ದಾರೆಂದು ಗಮನಿಸಿದ್ದು ದೂರ ಹೋದ ಮೇಲೆ. ಕಿಕ್ಕೇರಿಯ ಬ್ರಹ್ಮೇಶ್ವರ 1171ರದು. ಅದೇ ಕಿಕ್ಕೇರಿಯಲ್ಲಿ 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ಹೊರಗಿನಿಂದ ಬಂದವರು ಈ ಎರಡು ಗುಡಿಗೆ ಒಂದು ಬೆಳಿಗ್ಗೆ ಕೊಟ್ಟರೆ ಸಾಕು, ನಡುವೆ ಬಸ್ಸುಗಳಿವೆ. ಹೇಮಾವತಿ ಇದೇ ತಾಲ್ಲೂಕನ್ನು ಹಾದು ಕನ್ನಂಬಾಡಿಯ ಹಿನ್ನೀರಿಗೆ ಸೇರುತ್ತದೆ. ಅವಳ ದಂಡೆಯ ಊರಿಗೂ ನಾಲೆ ಮುಟ್ಟದ ನಮ್ಮೂರಿಗೂ ಇರುವ ಅಂತರ ಬೇಸಿಗೆಯಲ್ಲಿ ಕಣ್ಣಿಗೆ ರಾಚುತ್ತದೆ.

ಮನೆಯ ಬೀಗ ತೆಗೆದು ಅವ್ವ ಮೊದಲು ಮಾಡಿದ ಕೆಲಸ ಅಟ್ಟದ ಮೇಲಿನ ತಾಮ್ರದ ಪಾತ್ರೆ ಇಳಿಸಿದ್ದು. ಒಳಗೆಲ್ಲ ಹಸಿರು ಕಿಲುಬು.

“ನೋಡ್ಲಾ, ಕಲಾಯಿ ಮಾಡ್ಸಿ ಎಷ್ಟು ವರ್ಸ ಆಯ್ತೋ. ಹುಳಿ ಮಡಗಿದ್ರೆ ಇಸ ಆಯ್ತದೆ.”

ಕಲಾಯಿಯವರು ನಮ್ಮ ಬೀದಿಗೆ ಬರುತ್ತಿದ್ದ ನೆನಪಿದೆ. ಗುಂಡಿ ತೋಡಿ ಇದ್ದಿಲು ಹಾಕಿ ತಿದಿ ಒತ್ತುತ್ತಿದ್ದರು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಎದ್ದು ತಾಮ್ರದ ಮೈ ಶುದ್ಧವಾಗುತ್ತಿತ್ತು. ತವರದ ಕಡ್ಡಿಯನ್ನು ಮುಟ್ಟಿಸಿದರೆ ಕರಗುತ್ತಿತ್ತು. ತವರ ಕರಗಲು 232 ಡಿಗ್ರಿ ಸಾಕು, ತಾಮ್ರಕ್ಕೆ 1,085 ಬೇಕು. ಹತ್ತಿಯ ಬಟ್ಟೆಯಲ್ಲಿ ಸರ್ರನೆ ಒರೆಸಿದರೆ ಕೆಂಪು ಪಾತ್ರೆ ಒಳಗೆ ಬೆಳ್ಳಗಾಗುತ್ತಿತ್ತು. ನನ್ನ ಬೋಟಿನ ಕೇಬಲ್ಲಿಗೆ ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ. ಎಳೆಯನ್ನು ಶುದ್ಧ ಮಾಡಿ, ತವರ ಹಿಡಿಸಿ, ಆಮೇಲೆ ಹೊದಿಕೆ ಎಳೆಯುತ್ತಾರೆ. ಚೀಲದಲ್ಲಿದ್ದ ಕೇಬಲ್ ತುಂಡೊಂದನ್ನು ಸುಲಿದು ಅವ್ವನಿಗೆ ತೋರಿಸಿದೆ. ಬ್ಲೇಡಿನಿಂದ ಕೆರೆದರೆ ಮೇಲೆ ಬಿಳುಪು, ಒಳಗೆ ಕೆಂಪು. ಅವಳು ಆ ಎಳೆಗಳನ್ನು ಬೆರಳಲ್ಲಿ ಹೊಸೆದು, “ಇಷ್ಟು ಸಣ್ಣದ್ಕೂ ಕಲಾಯಿ ಮಾಡ್ತಾರಾ!” ಎಂದು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಅಕ್ಕನ ಫೋನು ಬಂದದ್ದು ಆ ರಾತ್ರಿ. ಮೋಟಾರ್ ಸುಟ್ಟಿದೆ, ತೆಂಗಿಗೆ ನೀರಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು.

ನಾಗಮಂಗಲ ಒಣ ಸೀಮೆ. ಹೇಮಾವತಿಯ ನಾಲೆ ಮುಟ್ಟದ ಊರುಗಳಲ್ಲಿ ರಾಗಿ, ಹುರುಳಿ, ತೆಂಗು, ಕುರಿ. ಇಲ್ಲಿ ನೀರು ತಾನಾಗಿ ಕೆಳಗಿಳಿದು ಬರುವುದಿಲ್ಲ. ನೆಲದಡಿಯಿಂದ ಮೇಲಕ್ಕೆ ಎತ್ತಬೇಕು. ಎತ್ತುವುದು ಕರೆಂಟು. ಶಿವನಸಮುದ್ರದಲ್ಲಿ ನೀರು ಬಿದ್ದು ಕರೆಂಟಾಯಿತು, ಆ ಕರೆಂಟಿಗಾಗಿ ಕನ್ನಂಬಾಡಿಯಲ್ಲಿ ಹೊಳೆ ನಿಂತಿತು. ಒಂದು ಬೆಳಗಿನ ಬಸ್ಸಿನ ದೂರದಲ್ಲಿ, ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕರೆಂಟು ಇಳಿದು ಹೋಗಿ ನೀರನ್ನು ಹುಡುಕಿ ತರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ವಿದ್ಯುತ್ತನ್ನು ಉಚಿತವಾಗಿ ಕೊಡುತ್ತದೆ. ಬಾವಿ ಕೊರೆಸುವುದು, ಪೈಪು, ಮೋಟಾರ್, ಕೇಬಲ್ಲಿನ ದುಡ್ಡು ರೈತನದೇ. ಸುಟ್ಟರೆ ಎತ್ತಿಸುವ ಖರ್ಚೂ ಅವನದೇ.

ಹೊಲದಲ್ಲಿ ಮೋಟಾರ್ ಎತ್ತುವ ಗಾಡಿ ನಿಂತಿತ್ತು. ಭಾವ ನೆರಳಲ್ಲಿ ಕೂತಿದ್ದರು.

“ಬಾ ಬಾಮೈದ. ಅತ್ಯಮ್ಮನ್ನ ಮನೇಲಿ ಬುಟ್ಯಾ? ನೋಡು, ಎರಡನೇ ಸಲ ಸುಟ್ಟೋಯ್ತು. ಗ್ರಹಚಾರ.”

ಗ್ರಹಚಾರವಲ್ಲ ಎಂಬುದು ಕೇಬಲ್ ಮೇಲೆ ಬಂದಾಗ ಗೊತ್ತಾಯಿತು. ಆರುನೂರು ಅಡಿಯ ಬಾವಿ. ಹಿಂದಿನ ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಮೋಟಾರನ್ನು ಇನ್ನಷ್ಟು ಲೆಂತ್ ಪೈಪು ಸೇರಿಸಿ ಕೆಳಗಿಳಿಸಿದ್ದರು. ಪೈಪು ಸೇರಿಸಿದ ಮೇಲೆ ಕೇಬಲ್ಲನ್ನೂ ಉದ್ದ ಮಾಡಬೇಕಲ್ಲ, ಯಾರೋ ತಂದು ಕೊಟ್ಟ ಅಗ್ಗದ ತುಂಡನ್ನು ನಡುವೆ ಜೋಡಿಸಿದ್ದಾರೆ. ಮೂರು ತಂತಿಗಳನ್ನೂ ಒಂದೇ ಜಾಗದಲ್ಲಿ ಕೈಯಲ್ಲಿ ತಿರುಚಿ, ಮೇಲೆ ಟೇಪು ಸುತ್ತಿದ್ದಾರೆ. ಇಳಿಸುವಾಗ ಆ ಜಾಯಿಂಟು ನೀರಿನ ಮೇಲೆ ಇತ್ತೋ ಏನೋ. ಮಳೆ ಬಂದು ಮಟ್ಟ ಏರಿದ ಮೇಲೆ ಮುಳುಗಿದೆ. ಟೇಪಿನ ಅಂಟು ಬಿಟ್ಟು ನೀರು ಒಳಗಿಳಿದಿದೆ. ಕತ್ತರಿಸಿದರೆ ಕಪ್ಪು, ಮತ್ತೊಂದು ಗೇಣು ಕತ್ತರಿಸಿದರೂ ಕಪ್ಪು. ಬೋಟುಗಳಲ್ಲಿ ನಾನು ದಿನವೂ ನೋಡುವ ಅದೇ ರೋಗ, ಉಪ್ಪಿಲ್ಲದ ನೀರಿನಲ್ಲಿ.

ಆ ಅಗ್ಗದ ತುಂಡಿನ ಎಳೆಯನ್ನು ಬ್ಲೇಡಿನಲ್ಲಿ ಕೆರೆದೆ. ಮೇಲೆ ಕೆಂಪು, ಒಳಗೆ ಬಿಳುಪು. ತಾಮ್ರದ ತೆಳ್ಳನೆಯ ಲೇಪ ಕೊಟ್ಟ ಅಲ್ಯೂಮಿನಿಯಂ. ಬೋಟಿನ ಕೇಬಲ್ಲಿಗೆ ಸರಿಯಾಗಿ ತಿರುವುಮುರುವು. ತೂಕ ಹಗುರ, ಬೆಲೆ ಕಡಿಮೆ, ರೋಧ ಮಾತ್ರ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ನನಗೆ ಸಿಟ್ಟು ಬಂದದ್ದು ಭಾವನ ಮೇಲಲ್ಲ. ಹೊಲದಲ್ಲಿ ತೆಂಗು ಒಣಗುತ್ತಿರುವಾಗ ರೈತ ತಂತಿ ಕೆರೆದು ನೋಡುತ್ತ ಕೂರುವುದಿಲ್ಲ, ಅವನ ಆ ಅವಸರವನ್ನು ನಂಬಿಕೊಂಡೇ ಇಂಥ ಸರಕು ಮಾರುತ್ತಾರೆ.

ಮೆಕ್ಯಾನಿಕ್ ಹುಡುಗ ಚುರುಕು. “ಅಣ್ಣ, ಇದ್ರಿಂದ ಮೋಟ್ರು ಯಾಕ್ ಸುಡ್ತದೆ? ಕರೆಂಟ್ ಹೋಗ್ತಾನೇ ಇತ್ತಲ್ಲ” ಎಂದು ಕೇಳಿದ. ನೆಲದ ಮೇಲೆ ಕಡ್ಡಿಯಿಂದ ಗೀಚಿ ಲೆಕ್ಕ ಹಾಕಿದೆವು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು ಏಳೂವರೆ ಓಮ್ ರೋಧ. ಏಳೂವರೆ ಎಚ್‌ಪಿ ಮೋಟಾರ್ ಎಳೆಯುವುದು ಸುಮಾರು ಹನ್ನೊಂದೂವರೆ ಆಂಪಿಯರ್. ಇನ್ನೂರು ಮೀಟರ್ ಕೇಬಲ್ಲಿನಲ್ಲಿ 25 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅದೇ 4 ಚದರ ಮಿಲಿಮೀಟರ್ ಹಾಕಿದರೆ 15–16 ವೋಲ್ಟ್. ನಡುವಿನ ತುಂಡು ಅಲ್ಯೂಮಿನಿಯಂ ಆದರೆ ನಷ್ಟ ಇನ್ನೂ ಜಾಸ್ತಿ, ಜಾಯಿಂಟು ಕಪ್ಪಾದರೆ ಅಲ್ಲೇ ಕಾವು. ಲೈನಿನ ಕೊನೆಯ ಹೊಲಕ್ಕೆ ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ವೋಲ್ಟೇಜ್ ಇಳಿದಷ್ಟೂ ಮೋಟಾರ್ ಹೆಚ್ಚು ಆಂಪಿಯರ್ ಎಳೆಯುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ. ಮೂರರಲ್ಲಿ ಒಂದು ಫೇಸು ಜಾಯಿಂಟಿನಲ್ಲೇ ಕಡಿದರೆ ಮುಗಿಯಿತು. ಬೋಟಿನಲ್ಲಿ 12 ವೋಲ್ಟಿನ ಬ್ಯಾಟರಿ. ಸಂಚಾರ ದೀಪ, ವೈರ್‌ಲೆಸ್‌ಗಳಿಗೆ ಶೇ 3ಕ್ಕಿಂತ ಹೆಚ್ಚು ಇಳಿಯಬಾರದೆಂದು ಲೆಕ್ಕ ಇಟ್ಟುಕೊಳ್ಳುತ್ತೇವೆ, ಅಂದರೆ ಅರ್ಧ ವೋಲ್ಟೂ ಇಲ್ಲ. ಅದಕ್ಕೆ ಒಗ್ಗಿದ ಕಣ್ಣಿಗೆ ಇಲ್ಲಿನ 25 ವೋಲ್ಟು ದೊಡ್ಡ ದರೋಡೆ.

“ಹಂಗಾರೆ ನಿಮ್ ಬೋಟಿನ ಕೇಬಲ್ಲೇ ಹಾಕ್ಬುಡಾನ” ಅಂದರು ಭಾವ.

ಬೇಡ ಎಂದೆ. ಬೆಲೆ ಜಾಸ್ತಿ, ಅದೂ ಅಲ್ಲದೆ ಬಾವಿಯ ಸಿಹಿನೀರಿಗೆ, ಅಲುಗದೆ ತೂಗುವ ಕೇಬಲ್ಲಿಗೆ ತವರದ ಲೇಪದ ಅಗತ್ಯವಿಲ್ಲ. ಕೊಳವೆಬಾವಿಗೆಂದೇ ಮಾಡಿದ ಮೂರೆಳೆಯ ಫ್ಲಾಟ್ ಕೇಬಲ್, ಶುದ್ಧ ತಾಮ್ರದ್ದು, ಒಂದು ಅಳತೆ ದಪ್ಪ, ನಡುವೆ ಜೋಡಣೆ ಇಲ್ಲದೆ ಒಂದೇ ಉದ್ದ. ಈ ಮೋಟಾರಿನ ಒಳಗೆ ವೈಂಡಿಂಗ್ ತಂತಿಯೇ ನೀರಿನಲ್ಲಿ ಮುಳುಗಿರುತ್ತದೆ, ಹೊದಿಕೆ ಸರಿಯಿದ್ದರೆ ನೀರು ತಂತಿಯನ್ನು ಏನೂ ಮಾಡದು. ಕಡಲಿನಿಂದ ಇಲ್ಲಿಗೆ ತರಬೇಕಾದದ್ದು ಜಾಯಿಂಟು ಮಾಡುವ ರೀತಿ. ನಾಗಮಂಗಲ ಪೇಟೆಯಿಂದ ಕೇಬಲ್ ಬಂತು. ದಾರಿಯುದ್ದಕ್ಕೂ ಕೋಣೆ ಬಾಡಿಗೆ, ಟ್ಯಾಕ್ಸಿಗಳಲ್ಲಿ ಉಳಿಸಿದ ನನ್ನ ದುಡ್ಡು ಅದಕ್ಕೆ ಸೇರಿತು. ಅಕ್ಕ ಬೇಡವೆಂದಳು, ಅವ್ವ ಸುಮ್ಮನಿರು ಎಂದು ಗದರಿದಳು.

ಮೋಟಾರಿನ ಗಿಡ್ಡ ತುದಿಗೂ ಹೊಸ ಕೇಬಲ್ಲಿಗೂ ಜೋಡಣೆ ಮಾಡುವಾಗ ಮೂರು ತಂತಿಗಳನ್ನು ಹಿಂದುಮುಂದಾಗಿ, ಒಂದರ ಪಕ್ಕ ಒಂದು ಬರದಂತೆ ಕತ್ತರಿಸಿದೆವು. ತಿರುಚಲಿಲ್ಲ, ತಾಮ್ರದ ಕೊಳವೆಯಲ್ಲಿ ತೂರಿಸಿ ಕ್ರಿಂಪ್ ಮಾಡಿದೆವು. ಒಳಗೆ ಅಂಟಿರುವ ಹೀಟ್ ಶ್ರಿಂಕ್ ಟ್ಯೂಬನ್ನು ಒಂದೊಂದಕ್ಕೂ ತೊಡಿಸಿ, ಕಾಯಿಸಿ, ಎರಡೂ ತುದಿಯಲ್ಲಿ ಅಂಟು ಉಕ್ಕಿ ಬರುವವರೆಗೆ ಕಾದೆವು. ಅದರ ಮೇಲೆ ಮತ್ತೊಂದು ದೊಡ್ಡ ಟ್ಯೂಬು. ಆಮೇಲೆ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಟೀ ಕುಡಿದು ಬಂದು, ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ನೋಡುವ ಮೆಗ್ಗರ್ ಹಿಡಿದೆವು. ಹಿಡಿಕೆ ತಿರುಗಿಸಿದಾಗ ಮುಳ್ಳು ಒಳ್ಳೆಯ ತುದಿಗೆ ಹೋಗಿ ನಿಂತಿತು. ಹುಡುಗ ತಾನೇ ಮತ್ತೊಮ್ಮೆ ತಿರುಗಿಸಿ ನೋಡಿದ. ಬಾವಿಗೆ ಇಳಿಸುವ ಮೊದಲು ಬಕೆಟ್ಟಿನಲ್ಲಿ ಪರೀಕ್ಷಿಸುವ ಈ ಸಣ್ಣ ಕೆಲಸ ಅವನಿಗೆ ಹಿಡಿಸಿತು.

ಮೂರು ಫೇಸ್ ಬರುವ ಹೊತ್ತಿಗೆ ಇನ್ನೂ ಸಮಯವಿದ್ದುದರಿಂದ ನಾಗಮಂಗಲಕ್ಕೆ ಹೋದೆ. ಸೌಮ್ಯಕೇಶವನ ಗುಡಿಯ ಕಡೆ ನಡೆದು, ವಿಗ್ರಹ ಮಾಡುವ ವಿಶ್ವಕರ್ಮರ ಮನೆಯೊಂದರ ಮುಂದೆ ನಿಂತೆ. ಕಂಚು, ಹಿತ್ತಾಳೆ, ಪಂಚಲೋಹದ ಎರಕಕ್ಕೆ ಈ ಊರು ಹಿಂದಿನಿಂದಲೂ ಹೆಸರುವಾಸಿ. ಮೇಣದಲ್ಲಿ ಮೂರ್ತಿ ತಿದ್ದಿ, ಅದರ ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಕಂಚೆಂದರೆ ತಾಮ್ರ ಮತ್ತು ತವರ. ನನ್ನ ಚೀಲದ ಕೇಬಲ್ಲಿನಲ್ಲಿರುವ ಅದೇ ಎರಡು ಲೋಹಗಳು, ಅಲ್ಲಿ ಒಂದರ ಮೇಲೊಂದು, ಇಲ್ಲಿ ಒಂದರೊಳಗೊಂದು. ಹಿರಿಯರೊಬ್ಬರು ನನ್ನ ಕೇಬಲ್ ತುಂಡನ್ನು ತೆಗೆದುಕೊಂಡು ಎಳೆ ಬಿಡಿಸಿ ಬೆಳಕಿಗೆ ಹಿಡಿದರು. “ತವರ ಸಮ ಹಿಡಿದದೆ” ಎಂದರು. ಕಡಲಿನ ಉಪ್ಪಿಗೆ ಬೋಟಿನ ಪಂಖವನ್ನೂ ಕಂಚಿನ ಜಾತಿಯ ಲೋಹದಲ್ಲೇ ಎರಕ ಹೊಯ್ಯುತ್ತಾರೆಂದು ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಎಷ್ಟು ತವರ ಬೆರೆಸುತ್ತಾರೆಂದು ಮಾತ್ರ ಕೇಳಿದರು.

ಇದೇ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಹೊರದೇಶದ ಪ್ರವಾಸಿಗರು ಇಂಡಿಯಾದ ಬಗ್ಗೆ ಬರೆದದ್ದನ್ನೆಲ್ಲ ಕನ್ನಡಕ್ಕೆ ತಂದು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳನ್ನು ಮಾಡಿದರು. ದೂರದಿಂದ ಬಂದವರ ಕಣ್ಣಿಗೆ ಅಷ್ಟು ಕಂಡಿದ್ದರೆ, ಹುಟ್ಟಿದ ತಾಲ್ಲೂಕನ್ನು ಹೊರಗಿನವನಾಗಿ ಸುತ್ತುವುದಕ್ಕೆ ನನ್ನಂಥವರು ಇನ್ನೂ ಹೆಚ್ಚು ಸಲ ಬಸ್ಸು ಹತ್ತಬೇಕು. ಕಂಬದಹಳ್ಳಿಯ ಪಂಚಕೂಟ ಬಸದಿ, ಆದಿಚುಂಚನಗಿರಿಯ ಬೆಟ್ಟ, ಅಲ್ಲಿನ ಅನ್ನದಾಸೋಹ, ನವಿಲುಗಳು, ಇವೆಲ್ಲ ಮರುದಿನಕ್ಕೆಂದು ಅವ್ವನಿಗೆ ಮಾತು ಕೊಟ್ಟಿದ್ದೆ.

ಮರುದಿನ ಹೊರಡುವ ಹೊತ್ತಿಗೆ ಮೆಕ್ಯಾನಿಕ್ ಹುಡುಗ ಬೈಕಿನಲ್ಲಿ ಬಂದು ನಿಂತಿದ್ದ. ರಾತ್ರಿಯಿಡೀ ಮೋಟಾರ್ ಓಡಿದ ಸುದ್ದಿ ಅವನಿಗೆ ಆಗಲೇ ಗೊತ್ತು. 4 ಚದರ ಮಿಲಿಮೀಟರ್ ಕೇಬಲ್ಲಿಗೆ ಯಾವ ಅಳತೆಯ ಟ್ಯೂಬು, ಅಂಟಿರುವುದು ಮೈಸೂರಿನಲ್ಲಿ ಸಿಗುತ್ತದೆಯೇ ಎಂದು ಕೇಳಿ, ಹೇಳಿದ್ದನ್ನು ಫೋನಿನಲ್ಲಿ ಬರೆದುಕೊಂಡ. ಪಕ್ಕದ ಊರಿನಲ್ಲಿ ಆ ವಾರವೇ ಇನ್ನೆರಡು ಮೋಟಾರ್ ಎತ್ತುವುದಿದೆಯಂತೆ.

“ಅಣ್ಣ, ಒಂದ್ ಗಂಟೆ ಬಂದೋಗಿ. ನಾನೇ ಜಾಯಿಂಟ್ ಹಾಕ್ತೀನಿ, ನೀವು ನೋಡಿ ಅಷ್ಟೇ.”

ಅವ್ವ ಅಕ್ಕನನ್ನು ಜೊತೆ ಮಾಡಿಕೊಂಡು, ಇಬ್ಬರಿಗೂ ಶೂನ್ಯ ದರದ ಚೀಟಿ ಹರಿಸಿಕೊಂಡು, ಚುಂಚನಗಿರಿಯ ಬಸ್ಸು ಹತ್ತಿದಳು. ನಾನು ಮೆಗ್ಗರನ್ನು ಚೀಲಕ್ಕೆ ಹಾಕಿಕೊಂಡು ಹುಡುಗನ ಬೈಕಿನ ಹಿಂದೆ ಕೂತೆ.